ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತು ನನ್ನ ಅಕ್ಕನ ನಾಲಿಗೆ

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ. ನನ್ನ ಅಕ್ಕನ ಮಾನ ನಿಮ್ಮ ಹತ್ತಿರ ಬಾಕಿ ಇರುವಾಗ ನಿಮ್ಮನ್ನು ಮಾನ್ಯರೆನ್ನುವುದು ಹೇಗೆ? ಇಡೀ ಬೇಸಿಗೆ ನಿಮ್ಮ ಆಸ್ಪತ್ರೆ ಅವಳಿಗೆ ಹೆಪ್ಪುಗಟ್ಟಿ ಕೆಟ್ಟ ಇನ್ಸುಲಿನ್ ಕೊಟ್ಟಿತು. ಅದು ಕೆಲಸ ಮಾಡದಿದ್ದಾಗ ನೀವು ಅವಳನ್ನೇ ಕಳ್ಳಿ ಎಂದಿರಿ.

ನಿಮಗೆ ಮರೆತಿರಬಹುದು. ಹೊರರೋಗಿಗಳ ಹಜಾರ ಕಿಕ್ಕಿರಿದಿತ್ತು. ಅಕ್ಕ ಕಬ್ಬಿಣದ ಬೆಂಚಿನಿಂದ ಎದ್ದು ನಿಂತು ಕೇಳಿದಳು: “ಸಾರ್, ಇಂಜೆಕ್ಷನ್ ಒಂದು ದಿನಾನೂ ತಪ್ಪಿಸಿಲ್ಲ, ಪಥ್ಯಾನೂ ಬಿಟ್ಟಿಲ್ಲ. ಆದ್ರೂ ಸಕ್ಕರೆ ಇಳೀತಿಲ್ಲ. ಔಷಧಿ ಸರಿಯಿದೆಯಾ ಅಂತ ಒಂಚೂರು ನೋಡ್ತೀರಾ?”

ನೀವು ನಡಿಗೆ ನಿಲ್ಲಿಸದೆಯೇ ಹೇಳಿದಿರಿ: “ಔಷಧಿ ಸರಿಯಾಗೇ ಇದೆಯಮ್ಮಾ. ಸರಿಯಿಲ್ದೇ ಇರೋದು ನಿನ್ನ ನಾಲಿಗೆ. ಕದ್ದು ತಿನ್ನೋದು ಬಿಡು.”

ಹಜಾರ ಗೊಳ್ಳೆಂದು ನಕ್ಕಿತು. ಆಗ ಮಾತ್ರ ನೀವು ನಿಂತಿರಿ, ಆ ನಗುವನ್ನು ಸವಿಯಲು.

ಅಕ್ಕ ದರ್ಜಿ. ನಿಮ್ಮ ಮಾತು ಅವಳಿಗಿಂತ ಮೊದಲೇ ನಮ್ಮ ಬೀದಿಗೆ ಬಂದು ಮುಟ್ಟಿತ್ತು. ಬಟ್ಟೆ ಹೊಲಿಸಲು ಬಂದವಳೊಬ್ಬಳು ಬಾಗಿಲಲ್ಲೇ ಕೇಳಿದಳು: “ಅಕ್ಕಾ, ನಿಮ್ಮನೆಗೆ ಬರೋವಾಗ ಮಕ್ಕಳ ಕೈಲಿರೋ ಚಾಕಲೇಟು ಬಚ್ಚಿಡ್ಬೇಕಂತೆ, ಹೌದಾ?” ತಮಾಷೆಗೆ ಅಂದದ್ದೇ ಇರಬಹುದು. ಅಂದಿನಿಂದ ಅಕ್ಕ ಯಾರ ಎದುರಿಗೂ ಊಟ ಮಾಡಿಲ್ಲ. ಅಷ್ಟರಲ್ಲಿ ಹೊಲಿಗೆ ಯಂತ್ರ ತುಳಿಯುವ ಬಲಗಾಲಿನಲ್ಲಿ ಒಂದು ಗಾಯವಾಯಿತು. ಸಕ್ಕರೆ ಇಳಿಯದೆ ಗಾಯ ಮಾಯಲಿಲ್ಲ. ಕೊನೆಗೆ ಶಸ್ತ್ರವೈದ್ಯರು ಆ ಕಾಲಿನ ಎರಡು ಬೆರಳು ತೆಗೆದರು. ಈಗ ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿದೆ.

ಅವಳು ನಡೆಯಲಾರದೆ ಹೋದದ್ದರಿಂದ ಔಷಧಿ ತರಲು ನಾನು ಬಂದೆ. ನಿಮ್ಮ ಔಷಧ ವಿತರಕರು ಫ್ರಿಜ್ಜಿನ ಮೇಲಿನ ಖಾನೆ, ಐಸ್ ಮಾಡುವ ಖಾನೆ, ತೆರೆದು ಐಸಿಗೆ ಅಂಟಿದ್ದ ಡಬ್ಬಿಯೊಂದನ್ನು ಚಮಚದ ಹಿಡಿಯಿಂದ ಕೆತ್ತಿ ಬಿಡಿಸತೊಡಗಿದರು.

“ಏನ್ರೀ ಇದು, ಇನ್ಸುಲಿನ್ನಾ ಕಲ್ಲಾ?”

“ಸಾಹೇಬರ ಆರ್ಡರ್ರು ಸಾರ್. ಸ್ವಲ್ಪ ಹೊತ್ತು ಮುಷ್ಟೀಲಿ ಹಿಡ್ಕೊಳ್ಳಿ, ಕರಗತ್ತೆ.”

ಆದೇಶ ಫ್ರಿಜ್ಜಿನ ಬಾಗಿಲ ಮೇಲೆಯೇ ಇತ್ತು, ನಿಮ್ಮ ರುಜುವಿನೊಂದಿಗೆ: ‘ಇನ್ಸುಲಿನ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ತಪ್ಪದೆ ಪಾಲಿಸುವುದು.’ ಬೇಸಿಗೆಯಲ್ಲಿ ಔಷಧಿ ಕೆಡುತ್ತಿದೆ ಎಂದು ಪತ್ರಿಕೆಯೊಂದು ಬರೆದದ್ದಕ್ಕೆ ನೀವು ಕೊಟ್ಟ ಉತ್ತರವಂತೆ ಅದು. ಇನ್ಸುಲಿನ್ ಇರಬೇಕಾಗಿದ್ದ ನಡುವಿನ ಅರೆಯಲ್ಲಿ ನಿಮ್ಮ ಹಣ್ಣಿನ ರಸದ ಬಾಟಲಿಗಳು ಹದವಾದ ತಂಪಿನಲ್ಲಿ ಸಾಲಾಗಿ ನಿಂತಿದ್ದವು. ಕದ್ದ ಸಿಹಿಗಾಗಿ ನನ್ನ ಅಕ್ಕನ ಅಡುಗೆಮನೆಯನ್ನು ಶಂಕಿಸಿದಿರಲ್ಲ, ಸಿಹಿ ಕುಳಿತಿದ್ದುದು ಅವಳ ಔಷಧಿಯ ಜಾಗದಲ್ಲಿ!

ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು ನಿಮ್ಮಲ್ಲಿ ಯಾರೂ ಬಿಡಿಸಿ ಓದಲಿಲ್ಲವೇ? ತೆರೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು. ಬಿಸಿಲು ಅದನ್ನು ಕೆಡಿಸುತ್ತದೆ, ನಿಜ. ಹೆಪ್ಪುಗಟ್ಟಿದ್ದನ್ನಂತೂ ಎಸೆಯಲೇಬೇಕು. ಬೇಯಿಸಿದ ಮೊಟ್ಟೆಯನ್ನು ಆರಲು ಬಿಟ್ಟರೆ ಅದು ಮತ್ತೆ ಹಸಿಯಾಗುತ್ತದೆಯೇ? ಕರಗಿದ ಇನ್ಸುಲಿನ್ನಿನ ಕಥೆಯೂ ಅಷ್ಟೇ. ಎಷ್ಟೋ ಸಲ ಅದು ನೋಡಲು ಸರಿಯಾಗಿಯೇ ಕಾಣುತ್ತದೆ: ಹೊರಗೆ ಲಕ್ಷಣವಾಗಿ, ಒಳಗೆ ಕೆಲಸಕ್ಕೆ ಬಾರದಂತೆ. ಇದು ನಿಮಗಾದರೂ ಸುಲಭವಾಗಿ ಅರ್ಥವಾಗಬೇಕಿತ್ತು.

ನಾನು ಆ ಡಬ್ಬಿ ಹಿಡಿದು ನಿಮ್ಮ ಕೊಠಡಿಗೆ ಬಂದೆ. ನೀವು ಕಾಗದ ಓದಿದಿರಿ. ಮರುದಿನ ಆದೇಶ ಬಾಗಿಲಿನಿಂದ ಮಾಯವಾಯಿತು, ಇನ್ಸುಲಿನ್ ಕೆಳಗಿಳಿಯಿತು, ರಸದ ಬಾಟಲಿಗಳು ಎಲ್ಲಿಗೆ ಹೋದವೋ ತಿಳಿಯದು. ಅದೆಲ್ಲ ಸದ್ದಿಲ್ಲದೆ ಆಯಿತು. ನಾನು ಮತ್ತೆ ಬಂದಾಗ ನೀವು ನಗುತ್ತ ಹೇಳಿದ್ದು ಇಷ್ಟು: “ಆಗಿದ್ದು ಆಗೋಯ್ತು. ಈಗ ಸರಿ ಮಾಡಿದ್ದೀವಲ್ಲ. ನೀವೂ ಸ್ವಲ್ಪ ತಣ್ಣಗಾಗಿ.”

ಮತ್ತೆ ಅದೇ ಪದ! ತಣ್ಣಗಾಗುವುದಿಲ್ಲ, ಸ್ವಾಮಿ. ನನ್ನ ನೆನಪು ಐಸಿನಲ್ಲಿಟ್ಟರೆ ಕೆಡುವ ವಸ್ತುವಲ್ಲ.

ನಿಮ್ಮನ್ನು ವರ್ಗಾವಣೆ ಮಾಡಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಇನ್ನೊಂದು ಊರಿನ ರೋಗಿಗಳು ನನಗೇನು ಕೇಡು ಮಾಡಿದ್ದಾರೆ? ಬರುವ ಸೋಮವಾರ ಬೆಳಿಗ್ಗೆ, ಹಜಾರ ತುಂಬಿರುವಾಗ, ಅದೇ ಬೆಂಚಿನ ಮುಂದೆ ಬಂದು ನಿಲ್ಲಿ. ಅಂದಿನ ಅದೇ ಗಟ್ಟಿ ಗಂಟಲಿನಲ್ಲಿ ಹೇಳಿ: ‘ಈಕೆಯ ನಾಲಿಗೆ ಸರಿಯಾಗಿತ್ತು. ಔಷಧಿ ಕೆಟ್ಟಿತ್ತು. ಕೆಡಿಸಿದವನು ನಾನು.’ ಆ ಬೇಸಿಗೆಯಲ್ಲಿ ಅದೇ ಖಾನೆಯಿಂದ ಇನ್ಸುಲಿನ್ ಪಡೆದ ಪ್ರತಿಯೊಬ್ಬರ ಮನೆಗೂ ಈ ಮಾತು ತಲುಪಬೇಕು. ಅಕ್ಕ ಊರುಗೋಲು ಹಿಡಿದು ಬರುತ್ತಾಳೆ, ನಾನು ಪಕ್ಕದಲ್ಲಿರುತ್ತೇನೆ. ಆ ಸೋಮವಾರ ನೀವು ಬರದಿದ್ದರೆ ಪ್ರತಿ ಸೋಮವಾರವೂ ಬರುತ್ತೇವೆ, ಬಂದವರಿಗೆಲ್ಲ ಈ ಪತ್ರವನ್ನು ನಾನೇ ಓದಿ ಹೇಳುತ್ತೇನೆ. ಯಾರಾದರೂ ನಕ್ಕರೆ ಒಂದು ಕ್ಷಣ ನಿಂತು ಸವಿಯುತ್ತೇನೆ ಕೂಡ.

ಇದನ್ನು ಅಕ್ಕನಿಗೆ ಓದಿ ಹೇಳಿದೆ. “ಬರೀ ಬೈಗುಳಾನೇ ಆಯ್ತಲ್ಲೋ. ಕೊನೇಲಿ ಅವರ ಹೊಟ್ಟೆ ತಣ್ಣಗಿರಲಿ ಅಂತ ಒಂದು ಮಾತು ಸೇರಿಸು,” ಎಂದಳು.

“ಎಷ್ಟು ತಣ್ಣಗೆ ಅಕ್ಕಾ?”

ಅವಳು ಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತ, ತಲೆಯೆತ್ತದೆ ಹೇಳಿದಳು: “ಅವರ ಆರ್ಡರ್ ಪ್ರಕಾರ.”

ಇಂತಿ,
ಕದ್ದು ತಿನ್ನದವಳ ತಮ್ಮ,
ಇನ್ನೂ ಬಿಸಿಯಾಗಿಯೇ ಇರುವವನು