ಒಳಬಸಿರಿನ ಮೈ

ಕಪ್ಪತಗುಡ್ಡದ ಗಾಳಿಕೇರಿಯಿಂದ,
ಇಸವಿ ೨೨೮೭, ಎರಡನೆಯ ಗಾಳಿಮಾಸದ ಹದಿನಾರನೆಯ ದಿನ.

ನನಗಿಂತ ಎಷ್ಟೋ ತಲೆಮಾರು ಹಿಂದೆ ಬದುಕಿರುವ ನಿಮಗೆ,

ಈ ತಾರೀಖನ್ನು ನೀವು ನಂಬಲಾರಿರಿ ಎಂದು ಗೊತ್ತು. ನಾವು ತಿಂಗಳುಗಳನ್ನು ಗಾಳಿಯ ಮೇಲೆ ಎಣಿಸುತ್ತೇವೆ. ನೀವು ಜುಲೈ ಎನ್ನುವುದು ನಮಗೆ ಎರಡನೆಯ ಗಾಳಿಮಾಸ. ನಿಮ್ಮ ಕಾಲದ ಕನ್ನಡ ನಮಗೆ ಶಾಲೆಯ ಪಾಠ, ಅದರಲ್ಲಿ ನನಗೆ ಒಳ್ಳೆಯ ಅಂಕಗಳೂ ಬಂದಿರಲಿಲ್ಲ. ಮಾತು ಎಲ್ಲಾದರೂ ಎಡವಿದರೆ ಕ್ಷಮಿಸಿ. ಈ ಕಾಗದ ಹಿಂದಕ್ಕೆ ಹರಿದು ನಿಮ್ಮನ್ನು ತಲುಪುವ ದಾರಿಯೂ ನನಗೆ ತಿಳಿಯದು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಅರ್ಥ ಮಾಡಿಕೊಳ್ಳುವ ಹೆಂಗಸರು ನನ್ನ ಕಾಲದಲ್ಲಿ ಕಡಿಮೆ, ನಿಮ್ಮ ಕಾಲದಲ್ಲಿ ಮನೆಗೊಬ್ಬರು.

ನನ್ನ ಹೆಸರು ಮುಕ್ತಾ ಬಡಿಗೇರ. ನಾನು ಕಂಬಗಾರ್ತಿ. ಗುಡ್ಡದ ಸಾಲಿನುದ್ದಕ್ಕೂ ನಿಂತಿರುವ ಗಾಳಿಕಂಬಗಳನ್ನು ಹತ್ತಿ, ರೆಕ್ಕೆಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಿ, ಬೇರಿಂಗಿಗೆ ಎಣ್ಣೆ ಹಾಕಿ ಇಳಿಯುವುದು ನನ್ನ ಕೆಲಸ. ಯಂತ್ರಗಳೂ ಈ ಕೆಲಸ ಮಾಡುತ್ತವೆ, ಆದರೆ ಬಿರುಕಿನ ಸದ್ದನ್ನು ಕಿವಿ ಹಿಡಿದಷ್ಟು ಅವು ಹಿಡಿಯುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ನನ್ನ ಸೊಂಟಕ್ಕೆ ಒಂದೇ ಅಳತೆಯ ರಕ್ಷಣೆಯ ಪಟ್ಟಿ, ಕಾಲಿಗೆ ಒಂದೇ ಅಳತೆಯ ಬೂಟು. ನನ್ನ ಮೈ ನನಗೆ ಅಂಗೈಯಷ್ಟು ಪರಿಚಿತ ಎಂದುಕೊಂಡಿದ್ದೆ.

ನಮ್ಮಲ್ಲಿ ಮಕ್ಕಳು ಹೊರಬಸಿರಿನಲ್ಲಿ ಬೆಳೆಯುತ್ತವೆ. ಗದಗಿನ ಬಸಿರುಮನೆಯಲ್ಲಿ ಬೆಚ್ಚನೆಯ ನೀರು ತುಂಬಿದ ಗಾಜಿನ ತೊಟ್ಟಿಲುಗಳಿವೆ. ತಂದೆತಾಯಿ ವಾರಕ್ಕೊಮ್ಮೆ ಹೋಗಿ, ಗಾಜಿನ ಮೇಲೆ ಕೈಯಿಟ್ಟು ಮಾತನಾಡಿಸಿ ಬರುತ್ತಾರೆ. ಒಂಬತ್ತು ತಿಂಗಳು ತುಂಬಿದಾಗ ಬೆಲ್ಲ ಹಂಚಿ ಮಗುವನ್ನು ಮನೆಗೆ ತರುತ್ತಾರೆ. ನಾನು ಹುಟ್ಟಿದ್ದು ಹಾಗೆಯೇ, ನನ್ನ ತಾಯಿ ಮತ್ತು ಅಜ್ಜಿಯೂ ಹಾಗೆಯೇ. ಮೈಯೊಳಗೆ ಹೊರುವುದನ್ನು ಒಳಬಸಿರು ಎನ್ನುತ್ತೇವೆ. ಅದು ಇಡೀ ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ, ಅದೂ ಎಚ್ಚರಿಕೆ ತಪ್ಪಿ ಆದದ್ದು. ಹದಿನೆಂಟನೆಯ ವಾರದೊಳಗೆ ಬಸಿರುಮನೆಗೆ ಹೋದರೆ ಮಗುವನ್ನು ತೊಟ್ಟಿಲಿಗೆ ದಾಟಿಸುತ್ತಾರೆ.

ನನಗೆ ಆದದ್ದೂ ಎಚ್ಚರಿಕೆ ತಪ್ಪಿಯೇ. ಗೊತ್ತಾದಾಗ ಮೂರು ತಿಂಗಳು ಕಳೆದಿತ್ತು. ಗಂಡ ಮಹಾಂತು ದಾಟಿಸುವ ದಿನ ಗೊತ್ತು ಮಾಡಿದ. ಆ ದಿನ ಅವನಿಗೆ ಕೆಲಸವಿತ್ತು, ಒಬ್ಬಳೇ ಹೋದೆ. ಬಸಿರುಮನೆಯ ಬೆಂಚಿನ ಮೇಲೆ ಕೂತು ಹೆಸರು ಕರೆಯುವುದನ್ನು ಕಾಯುತ್ತಿದ್ದಾಗ ಹೊಕ್ಕುಳ ಕೆಳಗೆ ಏನೋ ಮಿಡುಕಿತು, ಮುಚ್ಚಿದ ಮುಷ್ಟಿಯೊಳಗೆ ಪಾತರಗಿತ್ತಿ ಹೊರಳಿದ ಹಾಗೆ. ನಾನು ಎದ್ದು ಹೊರಗೆ ಬಂದೆ. ಇದರಲ್ಲಿ ದೊಡ್ಡ ನಿರ್ಧಾರವೇನೂ ಇರಲಿಲ್ಲ. ಮತ್ತೊಮ್ಮೆ ಮಿಡುಕುತ್ತದೆಯೇ ನೋಡೋಣ ಎಂದಷ್ಟೇ ಅಂದುಕೊಂಡಿದ್ದೆ. ಮನೆಗೆ ಬಂದು ಹೇಳಿದಾಗ ಮಹಾಂತು, "ನಿನ್ನ ಮೈ, ನಿನ್ನ ಮಾತು. ಆದ್ರ ಏನರ ಆದ್ರ ನನಗೇನೂ ತಿಳಿಯೂದಿಲ್ಲ, ನೋಡು" ಎಂದ.

ತಿಳಿಯದೇ ಇದ್ದದ್ದು ನನಗೂ. ಕೂದಲು ಎಂದೂ ಇಲ್ಲದಷ್ಟು ದಟ್ಟವಾಯಿತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಹೊಕ್ಕುಳಿನಿಂದ ಕೆಳಕ್ಕೆ ಯಾರೋ ಕಾಡಿಗೆಯಲ್ಲಿ ಎಳೆದಂತೆ ಒಂದು ಗೆರೆ ಮೂಡಿತು. ಮಸಿ ಹತ್ತಿದೆ ಎಂದು ಎರಡು ದಿನ ತಿಕ್ಕಿ ತೊಳೆದೆ. ಪಾದ ಹಿಗ್ಗಿ ಬೂಟು ಒಳಗೆ ಹೋಗದಾಯಿತು. ಪಕ್ಕೆಲುಬು ಅಗಲವಾಗಿ, ಹತ್ತು ಮೆಟ್ಟಿಲಿಗೇ ಏದುಸಿರು. ಇವೆಲ್ಲ ಸಹಜವೆಂದು ಚಿಕಿತ್ಸಾಲಯದ ವೈದ್ಯೆ ಸುಗುಣಾ ಪುಸ್ತಕ ನೋಡಿ ಹೇಳಿದರು. ಕೀಲುಗಳು ಸಡಿಲವಾಗುತ್ತವೆ ಎಂಬ ಸಾಲು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಐದನೆಯ ತಿಂಗಳಲ್ಲಿ, ಕಂಬದ ನಲವತ್ತನೆಯ ಅಡಿಯಲ್ಲಿ ಕಾಲು ಚಾಚಿದಾಗ ನನ್ನ ಸೊಂಟ ಕದಲಿತು. ಕೈ ಜಾರಿ ಪಟ್ಟಿಯಲ್ಲಿ ತೂಗಾಡಿದೆ. ಕೆಳಗಿನವರು ನನ್ನನ್ನು ಇಳಿಸುವವರೆಗೆ ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದಿದ್ದೆ. ಹಗ್ಗ ಹಿಡಿಯಬೇಕು ಎಂಬುದು ನೆನಪಾಗಲಿಲ್ಲ. ಮಗುವಿಗೆ ಏನೂ ಆಗಲಿಲ್ಲ. ನನ್ನನ್ನು ಅಂದಿನಿಂದ ನೆಲದ ಕೆಲಸಕ್ಕೆ ಹಾಕಿದರು.

ಹೆರಿಗೆ ಹದಿನಾರು ತಾಸು ಹಿಡಿಯಿತು. ಮಗಳು ಬಂದಳು, ಸಂಪಿಗೆ ಎಂದು ಹೆಸರಿಟ್ಟೆವು. ನಾನು ಹೇಳಬೇಕೆಂದಿರುವುದು ಅದರ ಆಚೆಯದು. ಮಗು ಹೊರಗೆ ಬಂದ ಮೇಲೆ ನನ್ನ ಮೈ ನನಗೆ ವಾಪಸು ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ಹೊಟ್ಟೆ ಆರನೆಯ ತಿಂಗಳಿನಷ್ಟೇ ಉಬ್ಬಿತ್ತು, ಒತ್ತಿದರೆ ನಾದಿದ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು. ಮಲಗಿ ತಲೆಯೆತ್ತಿದರೆ ಹೊಟ್ಟೆಯ ನಡುವೆ ಮೂರು ಬೆರಳು ಇಳಿಯುವಷ್ಟು ಬಿರುಕು. ಹಾಲು ಕಟ್ಟಿ ಎದೆ ಕಲ್ಲಾಗಿ ಜ್ವರ ಬಂತು. ಹೆತ್ತ ನಾಲ್ಕನೆಯ ತಿಂಗಳಲ್ಲಿ ಕೂದಲು ಹಿಡಿಹಿಡಿಯಾಗಿ ಕೈಗೆ ಬಂದಾಗ ಸಾಯುತ್ತಿದ್ದೇನೆಂದೇ ತಿಳಿದೆ. ಇವನ್ನೆಲ್ಲ ಮಹಾಂತುವಿಗೆ ಹೇಳಿದೆ. ಒಂದನ್ನು ಹೇಳಲಿಲ್ಲ: ಕೆಮ್ಮಿದರೆ, ಸೀನಿದರೆ, ನಕ್ಕರೆ, ಮಗುವನ್ನು ಎತ್ತಲು ಬಗ್ಗಿದರೆ, ಉಚ್ಚೆ ಸೋರುತ್ತಿತ್ತು.

ಮೂವತ್ತೊಂದು ವರ್ಷದ, ನೂರಡಿ ಕಂಬ ಹತ್ತುತ್ತಿದ್ದ ಹೆಂಗಸು ನಾನು. ಯಾರಿಗೆ ಹೇಳಲಿ? ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಗೆಳತಿಯರು ಬಂದರೆ ಮಗು ಮಲಗಿದೆ ಎಂದು ಬಾಗಿಲಲ್ಲೇ ಕಳಿಸಿದೆ. ದಿನಕ್ಕೆ ಎರಡು ಲೋಟದ ಮೇಲೆ ಕುಡಿಯುತ್ತಿರಲಿಲ್ಲ. ಹೀಗೆ ಒಂದೂವರೆ ತಿಂಗಳು. ಒಂದು ಮಧ್ಯಾಹ್ನ ಚಳಿಜ್ವರ ಬಂದು, ಮಗುವನ್ನು ತೊಟ್ಟಿಲಲ್ಲಿ ಇಟ್ಟದ್ದಷ್ಟೇ ನೆನಪು, ಅಡುಗೆಮನೆಯಲ್ಲಿ ಬಿದ್ದೆ. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಚಿಕಿತ್ಸಾಲಯದಲ್ಲಿ ಕಣ್ಣು ಬಿಟ್ಟಾಗ ಮಹಾಂತು ಕೇಳಿದ, "ನೀರ ಯಾಕ ಕುಡಿಲಿಲ್ಲ?" ನಾನು ಗೋಡೆಗೆ ಮುಖ ತಿರುಗಿಸಿದೆ.

ಸುಗುಣಾ ವೈದ್ಯೆ ಮರುಅಳತೆಗೆ ಹೆಸರು ಬರೆಸಲು ಹೇಳಿದರು. ನಮ್ಮಲ್ಲಿ ಹದಿನೆಂಟು ತುಂಬಿದ ಎಲ್ಲರ ಮೈಯ ಅಳತೆಯನ್ನೂ ದಾಖಲು ಮಾಡಿಡುತ್ತಾರೆ. ಗಾಯವೋ ರೋಗವೋ ಮೈಯನ್ನು ಕೆಡಿಸಿದರೆ, ಏಳು ದಿನ ಔಷಧದ ತೊಟ್ಟಿಯಲ್ಲಿ ಮಲಗಿಸಿ ಹಳೆಯ ಅಳತೆಗೆ ತರುತ್ತಾರೆ. ಗೆರೆ, ಬಿರುಕು, ಸಡಿಲು ಯಾವುದೂ ಉಳಿಯುವುದಿಲ್ಲ, ಎದೆಹಾಲೂ ಉಳಿಯುವುದಿಲ್ಲ. ನಾನು ಒಪ್ಪಿದೆ, ದಿನವೂ ನಿಗದಿಯಾಯಿತು. ಮರುಅಳತೆ ಮಾಡಿಸಿಕೊಂಡವರನ್ನು ನಾನು ಇವತ್ತಿಗೂ ಆಡಿಕೊಳ್ಳುವುದಿಲ್ಲ.

ಅದಕ್ಕೆ ಮೊದಲು ನನ್ನನ್ನು ನೋಡಲು ಹತ್ತಿರದ ಡೋಣಿ ಊರಿನಿಂದ ಖಾಜಾಬಿ ಬಂದರು. ತೊಂಬತ್ತೊಂದು ವರ್ಷದ ಮುದುಕಿ. ಮೂರು ಮಕ್ಕಳನ್ನು ಒಳಬಸಿರಿನಲ್ಲಿ ಹೆತ್ತವರಲ್ಲಿ ಈ ಭಾಗದಲ್ಲಿ ಉಳಿದಿದ್ದವರು ಅವರೊಬ್ಬರೇ. ಅವರ ಮುಖ ಬಿಗುವಿನದು. ಯಾರೊಂದಿಗೂ ಬೆರೆಯದ ಹೆಂಗಸು ಎಂದು ಊರಲ್ಲಿ ಹೆಸರು. ಮಹಾಂತು ಯಾರದೋ ಮಾತು ಕೇಳಿ ಅವರನ್ನು ಕರೆತಂದಿದ್ದ. ಅವರು ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಬಿರುಕನ್ನು ಅಳೆದರು.

"ಕೂದಲಕ್ಕ ಅಳಬ್ಯಾಡ. ಬಸರಾಗ ಉದರೂದು ನಿಂತಿತ್ತು, ಈಗ ಒಮ್ಮಿಗೆ ಉದರತಾವ. ಮತ್ತ ಬರತಾವ," ಎಂದರು. ಆಮೇಲೆ ದನಿ ತಗ್ಗಿಸದೆಯೇ ಕೇಳಿದರು, "ಉಚ್ಚಿ ಸೋರತದೇನು?"

ನನಗೆ ಅಳು ಒತ್ತರಿಸಿ ಬಂತು. ತಲೆಯಾಡಿಸಿದೆ.

"ನನಗೂ ಸೋರತಿತ್ತು. ಹಿರೇ ಮಗ ಹುಟ್ಟಿದಾಗಿಂದ. ಯಾರ ಮುಂದೂ ಅಂದಿದ್ದಿಲ್ಲ. ಮಂದ್ಯಾಗ ಕುಂತಾಗ ನಗಿ ಬಂದರ ಎದ್ದ ಹೋಗತಿದ್ದೆ. ಆಮ್ಯಾಲ ನಗೋದನ್ನ ಬಿಟ್ಟೆ. ನಮ್ಮನಿಯವರು ಸಾಯೂತನಕ, ನಾ ಸೊಕ್ಕಿನಾಕಿ, ನಗೂದಿಲ್ಲ ಅಂತಿದ್ರು."

"ಅವರಿಗೂ ಹೇಳಲಿಲ್ಲ?"

"ಹ್ಯಾಂಗ ಹೇಳ್ಲೆವ್ವಾ? ಅದಕ್ಕೊಂದ ಮಾತ ಇದ್ದಿದ್ದಿಲ್ಲ."

ನಲವತ್ತು ದಾಟಿದ ಮೇಲೆ ಹುಬ್ಬಳ್ಳಿಯ ಒಬ್ಬ ನರ್ಸು ಅವರಿಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದಳಂತೆ. ಅದನ್ನು ನನಗೂ ಕಲಿಸಿದರು. "ಉಚ್ಚಿ ತಡಕೊಂಡಂಗ ಒಳಗ ಎಳಕೊ. ಹೊಟ್ಟಿ ಬಿಗಿಬ್ಯಾಡ, ಉಸರ ಕಟ್ಟಬ್ಯಾಡ. ಹತ್ತ ಎಣಸು, ಬಿಡು. ದಿನಕ್ಕ ಮೂರ ಸರ್ತಿ. ನೀರ ಮಾತ್ರ ಬಿಡಬ್ಯಾಡ. ನನ್ನಂಗ ನಗೂದೂ ಬಿಡಬ್ಯಾಡ."

ಮರುದಿನ ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಸಂಪಿಗೆ ಹಾಲು ಬಿಡುವವರೆಗೆ ತೊಟ್ಟಿ ಬೇಡ, ಆಮೇಲೂ ಬೇಕೆನಿಸಿದರೆ ಬರುತ್ತೇನೆ ಎಂದೆ. ಸುಗುಣಾ ತಮಗೆ ಇದು ತಿಳಿಯದೇ ಹೋದದ್ದಕ್ಕೆ ಮುಜುಗರಪಟ್ಟು, ಸೊಂಟದ ವ್ಯಾಯಾಮದ ಹಳೆಯ ಪಾಠಗಳನ್ನು ಹುಡುಕಿ ತಂದರು. ಮಹಾಂತುವಿಗೆ ಅಂದೇ ಹೇಳಿದೆ. ಅವನು ಮಾಡಿದ್ದು ಇಷ್ಟೇ: ಮನೆಯ ಪ್ರತಿ ಕೋಣೆಯಲ್ಲೂ ಒಂದೊಂದು ತುಂಬಿದ ನೀರಿನ ತಂಬಿಗೆ ಇಟ್ಟ.

ಮೈ ಸುಧಾರಿಸಲು ಹನ್ನೊಂದು ತಿಂಗಳು ಹಿಡಿಯಿತು. ಕೆಲವು ವಾರ ಏನೂ ಬದಲಾಗದೆ ಸಿಟ್ಟು ಬರುತ್ತಿತ್ತು. ಬಿರುಕು ಒಂದು ಬೆರಳಿಗೆ ಇಳಿಯಿತು. ಸೊಂಟ ಗಟ್ಟಿಯಾಯಿತು. ಕಪ್ಪು ಗೆರೆ ಯಾವಾಗ ಮಾಸಿತೋ ಗಮನಿಸಲೇ ಇಲ್ಲ. ಪಾದ ಮಾತ್ರ ಒಂದು ಅಳತೆ ದೊಡ್ಡದಾಗಿಯೇ ಉಳಿಯಿತು. ಜೋರಾಗಿ ಸೀನಿದರೆ ಈಗಲೂ ತುಸು ಸೋರುತ್ತದೆ, ಆದರೂ ತೊಟ್ಟಿಗೆ ಹೋಗಲಿಲ್ಲ. ಕಂಬಕ್ಕೆ ಮರಳುವ ಪರೀಕ್ಷೆಯ ದಿನ ಮೇಲ್ವಿಚಾರಕ ಶರಣಪ್ಪ ಹನ್ನೆರಡು ಜನರ ಮುಂದೆ, ಬೇರೆ ಏನಾದರೂ ಬೇಕೇ ಎಂದು ಕೇಳಿದ. "ದೊಡ್ಡ ಬೂಟು ಬೇಕು. ಹಸಿ ಹೀರಿಕೊಳ್ಳೂ ಬಟ್ಟಿ ಬೇಕು, ಹತ್ತುವಾಗ ಉಚ್ಚಿ ಸೋರತದ" ಎಂದೆ. ಶರಣಪ್ಪ ಚೀಟಿಯಲ್ಲಿ ಬರೆದುಕೊಂಡು, "ಎಷ್ಟ ಬೇಕು?" ಎಂದ. ಸಂಜೆ ಸಾಮಾನಿನ ಕೋಣೆಯ ಹತ್ತಿರ, ಮಕ್ಕಳನ್ನೇ ಹೆರದ ಐವತ್ತೆರಡರ ಗೌರಕ್ಕ ನನ್ನ ತೋಳು ಹಿಡಿದು, "ನನಗೂ ಎರಡ ವರ್ಷಾತು. ಆ ಅಭ್ಯಾಸ ಹೇಳಿ ಕೊಡ್ತೀಯೇನ?" ಎಂದು ಕೇಳಿದಳು. ಒಂದು ವರ್ಷ ನನಗೆ ಗಿಡ್ಡ ಕಂಬಗಳನ್ನಷ್ಟೇ ಕೊಟ್ಟರು. ಈಗ ಎಲ್ಲವನ್ನೂ ಹತ್ತುತ್ತೇನೆ.

ಸಂಪಿಗೆಗೆ ಈಗ ಒಂಬತ್ತು ವರ್ಷ. ಖಾಜಾಬಿ ಹೋದ ವರ್ಷ ತೀರಿಕೊಂಡರು. ಅವರು ಹೇಳಿದ್ದನ್ನೆಲ್ಲ ಬರೆದಿಡಬೇಕೆಂದು, ನಿಮ್ಮ ಕಾಲದವರು ಏನು ಬರೆದಿದ್ದಾರೆ ನೋಡೋಣ ಎಂದು ಗದಗಿನ ದಾಖಲೆ ಭಂಡಾರಕ್ಕೆ ಹೋಗಿದ್ದೆ. ಮನೆಮನೆಗಳಿಂದ ಬಂದ ನಿಮ್ಮ ಕಾಗದಗಳು ಅಲ್ಲಿವೆ. ಹಸಿರು ಬಳೆ ತೊಟ್ಟ ಸೀಮಂತದ ಫೋಟೋಗಳು, ಮಗುವಿನ ತೂಕ, ಮೊದಲ ಹಲ್ಲು ಮೂಡಿದ ದಿನ, ಹಾಕಿಸಿದ ಲಸಿಕೆಗಳು. ನಾಲ್ಕು ದಿನ ಹುಡುಕಿದೆ. ಹೆತ್ತವಳ ಮೈ ಆಮೇಲೆ ಏನಾಯಿತು, ಅವಳು ಎಷ್ಟು ದಿನಕ್ಕೆ ನೆಟ್ಟಗೆ ಕೂತಳು, ಯಾವಾಗ ಹೆದರಿದಳು ಎಂದು ಬರೆದ ಒಂದು ಹಾಳೆಯೂ ಕೈಗೆ ಸಿಗಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನೀವು ಹೆತ್ತವರಾದರೆ, ನಿಮ್ಮ ಮೈಗೆ ಆದದ್ದನ್ನು ಇದ್ದ ಹಾಗೆ ಬರೆದಿಡಿ. ಹೆರದವರಾದರೆ, ನಿಮ್ಮನ್ನು ಹೆತ್ತವಳ ಹತ್ತಿರ ಕೂತು ಕೇಳಿ. ಮೊದಲು ಏನಿಲ್ಲ ಎನ್ನುತ್ತಾಳೆ. ಎದ್ದು ಹೋಗಬೇಡಿ, ಇನ್ನಷ್ಟು ಹೊತ್ತು ಕೂತಿರಿ.

ನಿಮಗಿಂತ ಬಹಳ ಮುಂದೆ ಹುಟ್ಟಿದ,
ಮುಕ್ತಾ