ಗೊಬ್ಬರದ ಚೀಲದ ಮೇಲೆ ಕಲಿತ ಜಾರಾಟ

ಪ್ರೀತಿಯ ಸಖು,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಹಾಗಾಗಿ ಈ ಪತ್ರಕ್ಕೆ ವಿಳಾಸವಿಲ್ಲ. ಭಾಲ್ಕಿ ಕಾಲೇಜಿನ ಎನ್‌ಸಿಸಿಯಿಂದ ನನ್ನನ್ನು ಮನಾಲಿಗೆ ಸ್ಕೀ ತರಬೇತಿಗೆ ಕಳಿಸಿದ್ದಾರೆ. ಇವತ್ತು ಮೊದಲ ಸಲ ದೊಡ್ಡ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದರು. ಆಗ ನಮ್ಮೂರು ಠಾಣಾ ಕುಶನೂರಿನ ಗುಡ್ಡ ನೆನಪಾಯಿತು. ಬರದ ವರ್ಷ ಹುಲ್ಲೆಲ್ಲ ಹೋಗಿ ನುಣ್ಣಗಾಗಿದ್ದ ಆ ಗುಡ್ಡದಲ್ಲಿ, ಗೊಬ್ಬರದ ಖಾಲಿ ಚೀಲದ ಮೇಲೆ ನನ್ನನ್ನು ಕೂರಿಸಿ ನೀನು ಹೇಳುತ್ತಿದ್ದೆ: “ಅಂಜಬ್ಯಾಡ ಸತ್ಯಾ, ಕೆಳಗ ನೋಡಬ್ಯಾಡ, ಮುಂದ ನೋಡು. ಬಿದ್ರ ನಾ ಹಿಡೀತೇನಿ.”

ಮುಂದೆ ನೋಡಿದೆ, ಜಾರಿದೆ. ಎರಡು ಸಲ ಬಿದ್ದೆ, ಮೂರನೆಯ ಸಲ ನಿಂತೇ ಕೆಳಗೆ ಬಂದೆ.

ಎಲ್ಲಿ ಕಲಿತೆ ಎಂದು ತರಬೇತುದಾರರು ಕೇಳಿದರು. ಬೀದರ್ ಜಿಲ್ಲೆಯಲ್ಲಿ ಎಂದೆ. ಅಲ್ಲಿ ಹಿಮ ಬೀಳುತ್ತದೆಯೇ ಎಂದು ನಕ್ಕರು. ನಾನು ಕಲಿತ ವರ್ಷ ಮಳೆಯೇ ಬಿದ್ದಿರಲಿಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಆದರೆ ನಾವಿಬ್ಬರೂ ಗುಡ್ಡದ ಬುಡದಲ್ಲಿ ಉರುಳಾಡಿ ನಗುತ್ತಿದ್ದೆವಲ್ಲ, ಅಂಥ ನಗು ಬರಲಿಲ್ಲ.

ನಿಮ್ಮ ಮನೆಮಂದಿಯೆಲ್ಲ ಪುಣೆಗೆ ದುಡಿಯಲು ಹೊರಟ ಬೆಳಿಗ್ಗೆ ನೀನು ನಮ್ಮ ಬಾಗಿಲಲ್ಲಿ ನಿಂತು, “ಸತ್ಯಾ, ಒಮ್ಮಿ ಹೊರಗ ಬಾ” ಎಂದು ಮತ್ತೆ ಮತ್ತೆ ಕರೆದೆ. ನನ್ನನ್ನು ಬಿಟ್ಟು ಹೋಗುತ್ತೀ ಎಂಬ ಸಿಟ್ಟಿಗೆ ನಾನು ಕೌದಿ ಹೊದ್ದು ಮಲಗಿದ್ದೆ.

ನಿದ್ದೆ ಬಂದಿರಲಿಲ್ಲ, ಸಖು.

ನಿನ್ನ
ಸತ್ಯಾ