ಹುಳುಮನೆಯಲ್ಲಿ ಮಲಗಿದ ಮೇಜರ್

ಕೈಲಾಂಚ,
14-5-2006, ಭಾನುವಾರ

ಪ್ರೀತಿಯ ಯಜಮಾನರಿಗೆ ಶಿವಲಿಂಗಮ್ಮನ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಅಲ್ಲಿ ಮೇ ತಿಂಗಳಲ್ಲೂ ಹಿಮ ಕರಗಿಲ್ಲವೆಂದು ಹೋದ ಸಲ ಹೇಳಿದ್ದಿರಿ. ಕಾಲಿನ ಬೆರಳುಗಳ ಮರಗಟ್ಟುವಿಕೆ ಕಡಿಮೆಯಾಯಿತೇ? ಎಣ್ಣೆ ಹಚ್ಚಿ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಲಗಿ. ನಾನು ಹೀಗಿದ್ದೇನೆ. ಅತ್ತೆ ಊಟ ಮಾಡುತ್ತಾರೆ, ನಿದ್ದೆ ಕಡಿಮೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ಆಡಿದ್ದೆಲ್ಲ ಅತ್ತೆಯ ಕಿವಿಗೆ ಬೀಳುತ್ತದೆ. ಅಲ್ಲದೆ ನೀವು ಫೋನ್ ಮಾಡಿದರೆ ಮೊದಲು ಕೇಳುವುದು ಮೇಜರ್ ಹೇಗಿದ್ದಾನೆ ಅಂತ. ಚೆನ್ನಾಗಿದ್ದಾನೆ ಅಂದು ಮುಗಿಸಿಬಿಡುತ್ತೇನೆ. ಅದಕ್ಕೇ ಇವತ್ತು ಕಾಗದ ಹಿಡಿದು ಕೂತಿದ್ದೇನೆ.

ಎರಡು ವರ್ಷದ ಹಿಂದೆ ರಜೆಗೆ ಬಂದವರು ಬೆಂಗಳೂರಿನಿಂದ ಮರಿ ಮೇಜರನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದಿರಿ. ನಿಮ್ಮ ಕರ್ನಲ್ ಸಾಹೇಬರ ಮನೆಯಲ್ಲಿ ಅಂಥದ್ದೇ ಸೇಂಟ್ ಬರ್ನಾರ್ಡ್ ನಾಯಿ ಇತ್ತೆಂದು, ಅದು ಹಿಮದ ಮೇಲೆ ಹೊರಳುವುದನ್ನು ನೋಡುತ್ತಾ ನಿಂತರೆ ನಿಮಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲವೆಂದು ಹೇಳಿದಿರಿ. ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರೆಲ್ಲ ಬರೆದಿದ್ದ ಕಾಗದವನ್ನೂ ತಂದಿದ್ದಿರಿ. ಅದನ್ನು ಓದಿಸಿಕೊಂಡ ಅತ್ತೆ, “ನಮ್ಮನೇಲಿ ನಿಮ್ಮಪ್ಪನ ತಾತನ ಹೆಸ್ರೇ ಯಾರ್ಗೂ ಗೊತ್ತಿಲ್ಲ ಕಣಪ್ಪ” ಅಂದಿದ್ದರು. ಎಲ್ಲರೂ ನಕ್ಕೆವು. ಹದಿನೆಂಟು ದಿನ ಅದನ್ನು ಎದೆಗವಚಿಕೊಂಡು ತಿರುಗಿ ನೀವು ರೈಲು ಹತ್ತಿದಿರಿ. ಮರಿ ನನ್ನ ಕೈಯಲ್ಲಿ ಉಳಿಯಿತು.

ಈಗ ಅದು ಅರವತ್ತೈದು ಕೆಜಿ. ಮರಿಗೆ ಕೊಟ್ಟ ಹನ್ನೆರಡು ಸಾವಿರದ ಮಾತನ್ನು ನಾನು ಆಡುವುದಿಲ್ಲ, ಅದು ಬರೀ ಶುರು ಅಂತ ಆವತ್ತು ಇಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಮೂರು ಮುದ್ದೆ, ಸಂಜೆ ಕೋಳಿ ಅಂಗಡಿಯಿಂದ ತಂದ ಕಾಲು ತಲೆ ಬೇಯಿಸಿದ ಅನ್ನ. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ, ಆದ್ದರಿಂದ ರಾಮನಗರದ ಡಾಕ್ಟರ ಹತ್ತಿರ ಹೋಗಬೇಕಾದಾಗಲೆಲ್ಲ ಕರೀಂ ಅವರ ಲಗೇಜ್ ಆಟೋ ಹೇಳಬೇಕು. ದಪ್ಪ ಕೂದಲಿನ ಕೆಳಗೆ ಸೆಕೆಗೆ ಚರ್ಮ ಬೆಂದು ಹುಣ್ಣಾಗುತ್ತದೆ. ದಿನ ಬಿಟ್ಟು ದಿನ ಕೂದಲು ಬಿಡಿಸಿ, ಔಷಧಿ ಹಚ್ಚಿ, ಅದು ನೆಕ್ಕದ ಹಾಗೆ ಪಕ್ಕದಲ್ಲೇ ಕೂರಬೇಕು. ಹೊಂಗನೂರಿನಲ್ಲಿ ತಂಗಿಯ ಬಾಣಂತನಕ್ಕೆ ಒಂದು ತಿಂಗಳು ಇರುತ್ತೇನೆಂದು ಮಾತು ಕೊಟ್ಟಿದ್ದೆ. ಮೂರು ದಿನ ಇದ್ದು ಬಂದೆ. ಮೇಜರ್ ನನ್ನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ತಿನ್ನುವುದಿಲ್ಲ. ತಂಗಿ ಮುಖ ತಿರುಗಿಸಿ ಮಗುವಿಗೆ ಹಾಲು ಕೊಡುತ್ತಾ ಕೂತಳು. ಆಮೇಲೆ ಅವಳಾಗಿ ಫೋನ್ ಮಾಡಿಲ್ಲ.

ಹೋದ ಬೇಸಿಗೆ ಹೇಗೋ ಕಳೆಯಿತು. ಈ ಸಲ ಮಾರ್ಚಿನಲ್ಲೇ ಬಂಡೆಗಳು ಕಾದು ಹೋದವು. ಅದು ನಾಲಿಗೆ ಚಾಚಿ ತೇಕುವುದನ್ನು ನೋಡಲಾಗದೆ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ಕಟ್ಟಿದೆ. ಊರಿಗೆಲ್ಲ ತಂಪಾದ ಜಾಗ ಅದೊಂದೇ ಅಲ್ಲವೇ, ಸುತ್ತ ನೆನೆಸಿದ ಗೋಣಿತಾಟು ಇಳಿಬಿಟ್ಟಿರುತ್ತೇವೆ. ನಾಲ್ಕನೇ ಜ್ವರ ಎದ್ದು ಕೊನೆಯ ಪೊರೆ ಬಿಟ್ಟ ಹುಳುಗಳು ಸೊಪ್ಪು ತಿನ್ನುವ ಸದ್ದು ಜೋರಾಗಿದ್ದ ಒಂದು ಮಧ್ಯಾಹ್ನ, ಸರಪಳಿ ಕಿತ್ತುಕೊಂಡು ಒಳಗೆ ನುಗ್ಗಿ ತಟ್ಟೆಗಳ ಕೆಳಗೆ ಮಲಗಿಬಿಟ್ಟಿತ್ತು. ಎದ್ದು ನಿಂತಾಗ ಸ್ಟ್ಯಾಂಡೇ ಉರುಳಿತು. ಉಳಿದ ಹುಳುಗಳಿಗೂ ರೋಗ ಬಿತ್ತು. ಅರ್ಧ ಗೂಡೂ ಮಾರ್ಕೆಟ್ಟಿಗೆ ಹೋಗಲಿಲ್ಲ. ಮುಂದಿನ ಬೆಳೆಗೆ ನಾನು ಚಾಕಿ ಮರಿಹುಳು ತರಲೇ ಇಲ್ಲ. ಹಿಪ್ಪುನೇರಳೆ ಸೊಪ್ಪನ್ನು ಪಕ್ಕದವರಿಗೆ ಮಾರಿ, ಹುಳುಮನೆಯನ್ನು ನಾಯಿಗೆ ಬಿಟ್ಟುಕೊಟ್ಟೆ. ಮದುವೆಯಾಗಿ ಬಂದಂದಿನಿಂದ ಆ ಮನೆ ಬೇಸಿಗೆಯಲ್ಲಿ ಖಾಲಿ ಇದ್ದದ್ದು ಇದೇ ಮೊದಲು. ಊರವರು ನಗುತ್ತಾರೆ. ನಗಲಿ.

ಇನ್ನು ಹೇಳಲೇಬೇಕಾದ ಮಾತು. ಅತ್ತೆಯ ಮುಂಗೈ ಮುರಿದದ್ದು ನಾನು ಫೋನಿನಲ್ಲಿ ಹೇಳಿದ ಹಾಗೆ ಬಚ್ಚಲಲ್ಲಿ ಜಾರಿ ಅಲ್ಲ. ಹಾಲು ಹಾಕಿ ಡೈರಿಯಿಂದ ಬರುತ್ತಿದ್ದವರನ್ನು ಕಂಡು ಮೇಜರ್ ಖುಷಿಯಲ್ಲಿ ಓಡಿಹೋಗಿ ಎರಡೂ ಮುಂಗಾಲು ಅವರ ಹೆಗಲ ಮೇಲಿಟ್ಟಿತು. ಅವರು ಜಗಲಿಯ ಕಲ್ಲಿನ ಮೇಲೆ ಬಿದ್ದರು, ಎರಡು ಕಡೆ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ನನ್ನ ಸೆರಗು ಹಿಡಿದು, “ಅದು ಬೇಕಂತ ಕೆಡುವ್ಲಿಲ್ಲ ಕಣವ್ವ, ಮಗ ಬಂದಂಗೆ ಓಡ್ಬಂತು. ಅವನ್ಗೆ ಹೇಳ್ಬ್ಯಾಡ, ಅಲ್ಲಿ ಒಬ್ನೇ ಕುಂತು ಕೊರಗ್ತಾನೆ” ಅಂದರು. ಹೇಳಲಿಲ್ಲ. ಆದರೆ ಅವರಿಗೆ ತಲೆ ಬಾಚುವುದು, ತುತ್ತು ಕೊಡುವುದು, ನಾಯಿಯ ಹುಣ್ಣು ತೊಳೆಯುವುದು, ಹಸು, ಸೊಪ್ಪು, ಎಲ್ಲ ಎರಡೇ ಕೈಗೆ. ಒಂದು ದಿನ ಒಲೆಯ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ಮೈಯಲ್ಲಿ ಏನೂ ಕಾಯಿಲೆಯಿರಲಿಲ್ಲ, ಏಳುವುದು ಬೇಡ ಅನ್ನಿಸಿತು ಅಷ್ಟೇ.

ಮರುದಿನವೇ ತಿಪ್ಪಸಂದ್ರದ ಗಂಗಯ್ಯನವರಿಗೆ ಹೇಳಿಕಳಿಸಿದೆ. ಅವರದು ದೊಡ್ಡ ಮಾವಿನ ತೋಟ, ಒಳ್ಳೆಯ ನೆರಳು, ನೀರಿನ ತೊಟ್ಟಿ ಇದೆ. ನಾಯಿ ಬೇಕೆಂದು ಅವರೇ ಹಿಂದೆ ಕೇಳಿದ್ದರು. ಮೇಜರ್ ಡಾಕ್ಟರ ಹತ್ತಿರ ಹೋಗುವುದೆಂದುಕೊಂಡು ತಾನಾಗಿಯೇ ಆಟೋ ಹತ್ತಿತು. ನಾನು ಬಾಗಿಲು ಹಾಕಿಕೊಂಡು ಮಲಗಿದೆ. ಸಂಜೆ ಆರಕ್ಕೆ ಮಲಗಿದವಳು ಬೆಳಿಗ್ಗೆ ಎಂಟಕ್ಕೆ ಎದ್ದೆ. ಅಷ್ಟು ನಿದ್ದೆ ಮಾಡಿ ಎರಡು ವರ್ಷವಾಗಿತ್ತು. ನಿಮಗೆ ಕೋಪ ಬಂದರೂ ಸರಿ, ನಿಜ ಬರೆಯುತ್ತಿದ್ದೇನೆ.

ನಾಲ್ಕನೇ ದಿನ ಗಂಗಯ್ಯನವರ ಫೋನ್. “ತಗಂಡೋಗವ್ವ ಇದ್ನ. ಒಂದ್ ತುತ್ತು ಮುಟ್ಟಿಲ್ಲ, ಎದ್ದೂ ನಿಂತಿಲ್ಲ. ನನ್ ಕಣ್ಮುಂದೆ ಸತ್ರೆ ನಂಗಾಗಲ್ಲ.” ಹೋಗಬಾರದೆಂದು ಒಂದು ಗಂಟೆ ಕೂತೆ. ಆಮೇಲೆ ಕರೀಂ ಅವರಿಗೆ ಹೇಳಿದೆ. ತೋಟದಲ್ಲಿ ಅದು ತೊಟ್ಟಿಯ ಪಕ್ಕದ ಕೆಸರಿನಲ್ಲಿ ಮಲಗಿತ್ತು. ನನ್ನನ್ನು ಕಂಡು ಬಾಲ ನೆಲಕ್ಕೆ ಬಡಿಯಿತು, ಮುಂಗಾಲಿನಲ್ಲಿ ತೆವಳಿತು, ಹಿಂದಿನ ಭಾಗ ಏಳಲಿಲ್ಲ. ಸೊಂಟದ ಕೆಳಗೆ ಟವೆಲ್ ಕೊಟ್ಟು ನಾನೂ ಕರೀಂ ಅವರೂ ಒಂದೊಂದು ತುದಿ ಹಿಡಿದು ಎತ್ತಿ ಆಟೋಗೆ ಹಾಕಿದೆವು. ಡಾಕ್ಟರು ಎಕ್ಸರೇ ಫೋಟೋ ತೆಗೆಸಿ ನೋಡಿ, ಈ ಜಾತಿಗೆ ಸೊಂಟದ ಕೀಲು ಹುಟ್ಟಿನಿಂದಲೇ ಸಡಿಲ, ಮರಿ ಮಾರಿದವರಿಗೆ ಇದು ಗೊತ್ತಿರಬೇಕಿತ್ತು ಅಂದರು. ಮಾತ್ರೆ ಕೊಟ್ಟು, ದಿನಕ್ಕೆ ಎರಡು ಸಲ ಹೀಗೇ ಟವೆಲಿನಲ್ಲಿ ಎತ್ತಿ ಹಿಡಿದು ನಡೆಸಿದರೆ ಇನ್ನೂ ನಾಲ್ಕೈದು ವರ್ಷ ಬದುಕುತ್ತದಂತೆ. ಸೂಜಿ ಹಾಕಿ ಕಳಿಸಿಕೊಡುವುದೂ ಒಂದು ದಾರಿ ಅಂದರು. ನಾನು ಮಾತ್ರೆಯ ಚೀಟಿ ತೆಗೆದುಕೊಂಡೆ.

ಈಗ ಮೇಜರ್ ಹುಳುಮನೆಯಲ್ಲಿ ಮಲಗಿದೆ. ನಿನ್ನೆಯಿಂದ ಅರ್ಧ ಮುದ್ದೆ ತಿನ್ನುತ್ತಿದೆ. ಅತ್ತೆ ಮಂಚವನ್ನೂ ಅಲ್ಲಿಗೇ ಹಾಕಿಸಿಕೊಂಡು, ಬ್ಯಾಂಡೇಜಿನ ಕೈಯನ್ನು ಅದರ ತಲೆಯ ಮೇಲಿಟ್ಟು ಕೂತಿದ್ದಾರೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಎತ್ತಿ ಇಳಿಸುವುದರಲ್ಲಿ ಕರಗಿಹೋಯಿತು. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ಶಿವಲಿಂಗಮ್ಮ

ಮ.ವಿ.: ಸೋಮವಾರ ಬೆಳಿಗ್ಗೆ. ಪೋಸ್ಟಿನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಚನ್ನಪಟ್ಟಣದ ಫಿರೋಜಾ ಸಿಕ್ಕಿದ್ದಳು. ಅವಳ ಗಂಡ ನಿಮ್ಮ ಯೂನಿಟ್ಟಿನವರೇ ಅಲ್ಲವೇ, ನಿಮ್ಮ ಸರ್ವಿಸ್ ಈ ಡಿಸೆಂಬರಿಗೆ ಮುಗಿಯುತ್ತದಂತೆ, ನೀವು ಇನ್ನೆರಡು ವರ್ಷಕ್ಕೆ ಅರ್ಜಿ ತರಿಸಿಟ್ಟುಕೊಂಡಿದ್ದೀರಂತೆ. ನನಗೆ ಹೇಳಿಲ್ಲ. ಹೋಗಲಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಬನ್ನಿ ಅಂತ ನಾನು ಬರೆದವಳಲ್ಲ, ಈಗ ಬರೆಯುತ್ತಿದ್ದೇನೆ. ಆ ಅರ್ಜಿಗೆ ಸಹಿ ಹಾಕಬೇಡಿ. ಟವೆಲಿನ ಒಂದು ತುದಿಯನ್ನಷ್ಟೇ ನಾನು ಹಿಡಿಯಬಲ್ಲೆ.